ಸ್ವಲ್ಪ ಆ ಕಡೆ, ದೊಡ್ಡಮ್ಮ

ಬೆಳಗ್ಗೆ ಹತ್ತು ಗಂಟೆಗೇ ತರಗತಿಯ ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದಾಗಿತ್ತು. ಕೋಲಾರದ ವಿಶ್ವವಿದ್ಯಾಲಯದಲ್ಲಿ ಫೋಟೋಗ್ರಫಿ ಓದುವ ಹದಿನಾಲ್ಕು ಮಂದಿ ಅವತ್ತು ‘ನನ್ನ ಕುಟುಂಬ’ ಎಂಬ ವಿಷಯದ ಮೇಲೆ ಹತ್ತತ್ತು ಫೋಟೋ ತೋರಿಸಬೇಕಿತ್ತು. ಕ್ಯಾಲನೂರಿನ ಮುನೇಶ ಹತ್ತರಲ್ಲೂ ತಮ್ಮ ಮನೆಯ ಹಸುಗಳನ್ನೇ ತೋರಿಸಿ, “ನಮ್ಮನೇಲಿ ದುಡಿಯೋರು ಇವೇ ಮೇಡಂ, ನಾವು ಸುಮ್ನೆ ಹಾಲು ಕರ್ಕೊಳ್ಳೋರು” ಎಂದು ಎಲ್ಲರನ್ನೂ ನಗಿಸಿ ಕೂತ. ಮುಂದಿನ ಸರದಿ ಧನಶ್ರೀಯದು.

ಧನಶ್ರೀಗೆ ಅಳುಕೇನೂ ಇರಲಿಲ್ಲ. ಗೌನಿಪಲ್ಲಿಯಿಂದ ಬಂದು ಹಾಸ್ಟೆಲಿನಲ್ಲಿದ್ದುಕೊಂಡು ಓದುವ ಹುಡುಗಿ. ಸೇರಿದ ಆರೇ ತಿಂಗಳಿಗೆ ತರಗತಿಯಲ್ಲಿ ಹೆಸರು ಮಾಡಿದ್ದಳು. ಫೆಬ್ರವರಿಯಲ್ಲಿ ಶ್ರೀನಿವಾಸಪುರದ ಕಲ್ಯಾಣಮಂಟಪದಲ್ಲಿ ನಡೆದ ಶೋಭಾರಾಣಿಯ ಮದುವೆಯ ಫೋಟೋಗಳನ್ನು ಅವಳು ತಂದಿದ್ದಳು. ಶೋಭಾ ದೊಡ್ಡಪ್ಪನ ಮಗಳು. ಒಂದೇ ಅಂಗಳದ ಎರಡು ಮನೆಗಳಲ್ಲಿ ಒಟ್ಟಿಗೆ ಬೆಳೆದವರು, ಒಂದೇ ತಟ್ಟೆಯಲ್ಲಿ ಉಂಡವರು. ಮದುವೆಗೆ ಸ್ಟುಡಿಯೋದವರನ್ನು ಕರೆಸಬೇಕೆಂದು ಮನೆಯಲ್ಲಿ ಮಾತಾದಾಗ, ಶೋಭಾಳ ತಾಯಿ ಮುನಿಶಾಮಮ್ಮ ಯಾವುದಕ್ಕೂ ಹಟ ಮಾಡದವರು ಅದೊಂದಕ್ಕೆ ಹಟ ಹಿಡಿದಿದ್ದರು. “ಬೇರೆ ಯಾರೂ ಬೇಡ. ನಮ್ ಧನೂನೇ ತೆಗೀಲಿ” ಎಂದಿದ್ದರು. ದೊಡ್ಡಮ್ಮನಿಗೆ ತನ್ನ ಮೇಲೆ ಎಷ್ಟು ನಂಬಿಕೆ ಎಂದು ಧನಶ್ರೀ ಆಗ ಬೀಗಿದ್ದಳು.

ಗೋಡೆಯ ಬಿಳಿ ಪರದೆಯ ಮೇಲೆ ಒಂದೊಂದೇ ಫೋಟೋ ಬಂತು. ಧಾರೆ, ಮಾಂಗಲ್ಯ, ಅಕ್ಷತೆ ಬೀಳುವಾಗ ಕಣ್ಣು ಮುಚ್ಚಿದ ಹುಡುಗಿ. ಪಾಠ ಮಾಡುವ ನಿಖತ್ ಮೇಡಂ, “ಬೆಳಕು ಚೆನ್ನಾಗಿ ಹಿಡಿದಿದೀಯ” ಎಂದರು. ಆಮೇಲೆ ಧಾರೆಯ ಫೋಟೋಗೆ ಹಿಂದಿರುಗಿ ಸ್ವಲ್ಪ ಹೊತ್ತು ನೋಡಿದರು.

“ಧಾರೆ ಎರೀತಿರೋದು ಯಾರು?”

“ನಮ್ಮ ಅಪ್ಪ, ಅಮ್ಮ. ದೊಡ್ಡಪ್ಪ ತೀರ್ಕೊಂಡು ಮೂರು ವರ್ಷ ಆಯ್ತು ಮೇಡಂ.”

“ಹುಡುಗಿ ತಾಯಿ ಇಲ್ವಾ?”

“ಇದಾರೆ ಮೇಡಂ.”

“ಎಲ್ಲಿ?”

ಧನಶ್ರೀ ಹತ್ತೂ ಫೋಟೋಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಬೀಗರಿದ್ದರು, ಪುರೋಹಿತರಿದ್ದರು, ಓಲಗದವರಿದ್ದರು. ಹೆತ್ತವಳು ಒಂದರಲ್ಲೂ ಇರಲಿಲ್ಲ.

“ಕ್ರಾಪ್ ಮಾಡೋಕೆ ಮುಂಚಿನವು ಇದ್ರೆ ಹಾಕು” ಎಂದರು ಮೇಡಂ. ಲ್ಯಾಪ್‌ಟಾಪಿನಲ್ಲಿ ಮದುವೆಯ ದಿನದ ಮೂಲ ಫೋಟೋಗಳೆಲ್ಲ ಇದ್ದವು. ಮೊದಲನೆಯದರ ಎಡತುದಿಯಲ್ಲಿ ಬದನೆಬಣ್ಣದ ರೇಷ್ಮೆ ಸೀರೆಯ ಸೆರಗು ಕಂಡಿತು. ಎರಡನೆಯದರಲ್ಲಿ ಅದೇ ಸೀರೆ, ಒಂದು ಮೊಣಕೈ. ಇನ್ನೊಂದರಲ್ಲಿ ಅರ್ಧ ಮುಖ, ಒಂದು ಕಣ್ಣು, ಬೋಳು ಹಣೆಯ ಅರ್ಧ. ಮತ್ತೊಂದರಲ್ಲಿ ಅಕ್ಷತೆ ಹಿಡಿದ ಮುಷ್ಟಿ ಮಾತ್ರ. ಹೀಗೆ ಹನ್ನೊಂದು ಫೋಟೋ. ಹನ್ನೊಂದರಿಂದಲೂ ಧನಶ್ರೀ ಆ ಎಡತುದಿಯನ್ನು ನೀಟಾಗಿ ಕತ್ತರಿಸಿದ್ದಳು. ಹನ್ನೆರಡನೆಯದರಿಂದ ಮುಂದೆ ಕತ್ತರಿಸುವ ಕೆಲಸವೇ ಇರಲಿಲ್ಲ. ಅಲ್ಲಿ ಯಾರೂ ನಿಂತಿರಲಿಲ್ಲ.

ಯಾಕೆ ಇರಲಿಲ್ಲ ಎಂಬುದು ಅವಳಿಗೆ ಆಗಲೇ ನೆನಪಾಯಿತು.

ಮೊದಲ ಸೆಮಿಸ್ಟರಿನಲ್ಲಿ ನಿಖತ್ ಮೇಡಂ ಒಂದು ಪಾಠ ಹೇಳಿದ್ದರು: ಬಟನ್ ಒತ್ತುವ ಮುಂಚೆ ಫ್ರೇಮಿನ ನಾಲ್ಕು ಅಂಚನ್ನೂ ನೋಡಿ, ಬೇಡದ್ದು ಏನಾದರೂ ನುಗ್ಗಿದೆಯೇ ಗಮನಿಸಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ಧನಶ್ರೀ ಆ ಪಾಠವನ್ನು ಎಲ್ಲೆಲ್ಲೂ ಒಗೆಯುತ್ತಿದ್ದಳು. ಮದುವೆಯ ದಿನ ಧಾರೆಯ ಹೊತ್ತಿಗೆ ಕ್ಯಾಮೆರಾಕ್ಕೆ ಕಣ್ಣಿಟ್ಟುಕೊಂಡೇ, “ದೊಡ್ಡಮ್ಮ, ಸ್ವಲ್ಪ ಆ ಕಡೆ. ಫ್ರೇಮಿಗೆ ಬರ್ತಿದೀಯ” ಎಂದು ಕೂಗಿದ್ದಳು. “ಅಯ್ಯೋ, ನೋಡ್ಲಿಲ್ಲ ಕಣೇ” ಎಂದು ದೊಡ್ಡಮ್ಮ ಮುಷ್ಟಿಯಲ್ಲಿದ್ದ ಅಕ್ಷತೆಯ ಸಮೇತ ಮೆಟ್ಟಿಲಿಳಿದು ಅಡುಗೆಮನೆಯ ಕಡೆ ಹೋಗಿದ್ದರು. ಮಂಟಪದ ಮೇಲಿದ್ದ ಯಾರೊಬ್ಬರೂ ಅದನ್ನು ಗಮನಿಸಿರಲಿಲ್ಲ. ಅಷ್ಟನ್ನೂ ಧನಶ್ರೀ ಮೇಡಂಗೆ ಹೇಳಿದಳು.

“ಅಂಚು ನೋಡಿ ಅಂದಿದ್ದೆ” ಎಂದರು ನಿಖತ್ ಮೇಡಂ, ಗದರಿಸದೆ. “ಯಾರನ್ನೂ ಓಡಿಸಿ ಅಂದಿರ್ಲಿಲ್ಲಮ್ಮ. ಇನ್ನೊಂದ್ಸಲ ಮಾಡ್ಕೊಂಡು ಬಾ.”

“ಮದುವೇನ ಇನ್ನೊಂದ್ಸಲ ತೆಗೆಯೋಕಾಗಲ್ಲ ಮೇಡಂ.”

“ಹೌದು, ಆಗಲ್ಲ” ಎಂದು ಮೇಡಂ ದೀಪ ಹಾಕಿದರು.

ಆ ಶನಿವಾರವೇ ಧನಶ್ರೀ ಊರಿನ ಬಸ್ಸು ಹತ್ತಿದಳು. ಶ್ರೀನಿವಾಸಪುರ ದಾಟಿದ ಮೇಲೆ ಎರಡೂ ಕಡೆ ಮಾವಿನ ತೋಪುಗಳು, ಕಾಯಿ ಇನ್ನೂ ನಿಂಬೆಹಣ್ಣಿನ ಗಾತ್ರ. ಪ್ರತಿ ಸಲ ಈ ದಾರಿಯಲ್ಲಿ ಕಿಟಕಿಯಿಂದ ಹತ್ತಾರು ಫೋಟೋ ತೆಗೆಯುವವಳು ಅವತ್ತು ಕ್ಯಾಮೆರಾ ಚೀಲದ ಜಿಪ್ಪನ್ನೇ ಎಳೆಯಲಿಲ್ಲ.

ಮನೆಯಲ್ಲಿ ಅಮ್ಮನಿಗೆ ವಿಷಯ ಹೇಳಿದರೆ ಅಮ್ಮ ಟೀ ಸೋಸುತ್ತಲೇ, “ಅದ್ರಲ್ಲಿ ನಿನ್ ತಪ್ಪೇನೇ?” ಎಂದರು. “ಮುತ್ತೈದೇರು ನಿಲ್ಲೋ ಜಾಗ ಅದು. ಅಕ್ಕಂಗೂ ಗೊತ್ತು. ತಾನಾಗೇ ಪಕ್ಕಕ್ಕೆ ನಿಂತಿದ್ರು.”

“ನಿನಗೇನೂ ಅನ್ನಿಸ್ಲಿಲ್ವಾ ಅಮ್ಮ? ಅವರ ಮಗಳ ಮದುವೇಲಿ ನೀನು ಧಾರೆಗೆ ಕೂತ್ಕೊಂಡೆ.”

ಅಮ್ಮನಿಗೆ ಸಿಟ್ಟು ಬಂತು. “ನಾನೇನು ಆಸೆಪಟ್ಟು ಕೂತ್ಕೊಂಡ್ನಾ? ನಾಳೆ ಆ ಹುಡುಗಿಗೆ ಒಂದು ಜ್ವರ ಬಂದ್ರೂ, ಗಂಡನಿಗೆ ಕಾಲು ಉಳುಕಿದ್ರೂ, ತಾಯಿ ಮುಂದೆ ನಿಂತಿದ್ಳಲ್ಲ ಅದಕ್ಕೇ ಅಂತಾರೆ. ಆ ಮಾತು ಅಕ್ಕನ ಮೇಲೆ ಬೀಳಬಾರ್ದು ಅಂತಾನೇ ನಾನು ಹಿಂದೆ ಇರು ಅಂದಿದ್ದು. ಜನಗಳ ಬಾಯಿಗೆ ಬೀಗ ಹಾಕೋಕಾಗುತ್ತಾ?” ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಭಾವ ತೀರಿಕೊಂಡ ವರ್ಷ ಓರಗಿತ್ತಿಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದವರು ಅಮ್ಮನೇ. ಪ್ರೀತಿ ಇಲ್ಲದೆ ದೂರ ನಿಲ್ಲಿಸಿದ್ದರೆ ಧನಶ್ರೀ ಜಗಳವಾಡಿಬಿಡುತ್ತಿದ್ದಳು. ಪ್ರೀತಿಯಿಂದಲೇ ನಿಲ್ಲಿಸಿದವರ ಜೊತೆ ಏನು ಜಗಳ ಆಡುವುದೆಂದು ತಿಳಿಯದೆ ಟೀ ಲೋಟ ಕೆಳಗಿಟ್ಟು ಹೊರಗೆ ಬಂದಳು.

ಮುನಿಶಾಮಮ್ಮ ಹಿತ್ತಲಿನ ನೆರಳಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಧನಶ್ರೀ ಎದುರಿಗೆ ಕೂತು ತಾನೂ ಒಂದು ಹಿಡಿ ಎತ್ತಿಕೊಂಡಳು.

“ದೊಡ್ಡಮ್ಮ, ಮದುವೆ ದಿನ ನಾನು ನಿನ್ನ ಆ ಕಡೆ ಹೋಗು ಅಂದೆ ಅಲ್ವಾ?”

“ಅಂದೆ.”

ಮರೆತಿರಬಹುದು ಎಂದು ಧನಶ್ರೀ ಒಳಗೊಳಗೇ ಆಸೆ ಇಟ್ಟುಕೊಂಡಿದ್ದಳು. ದೊಡ್ಡಮ್ಮ ಮರೆತಿರಲಿಲ್ಲ.

“ನಂಗೆ ಗೊತ್ತಾಗ್ಲಿಲ್ಲ ದೊಡ್ಡಮ್ಮ. ಫೋಟೋ ಚೆನ್ನಾಗಿ ಬರ್ಲಿ ಅಂತ ಅಷ್ಟೇ...”

“ಪೋನೀ ಬಿಡೇ” ಎಂದರು ಮುನಿಶಾಮಮ್ಮ. ಹೋಗಲಿ ಬಿಡು ಎನ್ನುವುದನ್ನು ಅವರು ಯಾವಾಗಲೂ ತವರಿನ ತೆಲುಗಿನಲ್ಲೇ ಹೇಳುವುದು. ನಾಲ್ಕು ಹಣ್ಣು ಜಜ್ಜಿದ ಮೇಲೆ ಅವರಾಗಿಯೇ ಮಾತು ಮುಂದುವರಿಸಿದರು. “ಬೇರೆ ಯಾರೂ ಬೇಡ, ಧನೂನೇ ತೆಗೀಲಿ ಅಂತ ಯಾಕೆ ಅಂದೆ ಗೊತ್ತಾ?”

“ನಾನು ಚೆನ್ನಾಗಿ ತೆಗೀತೀನಿ ಅಂತ.”

“ನೀನು ಹೆಂಗೆ ತೆಗೀತೀಯೋ ನಂಗೇನು ಗೊತ್ತಮ್ಮ.” ಮುನಿಶಾಮಮ್ಮ ನಕ್ಕರು. “ಮದುವೇಲಿ ನೋಡಿದೀಯಾ, ಹಿರಿಯರ ಮಾತು ಯಾರೂ ಕೇಳಲ್ಲ. ಫೋಟೋದವನು ಹೇಳಿದ್ರೆ ಎಲ್ರೂ ಕೇಳ್ತಾರೆ. ತಾಳಿ ಹಿಡ್ಕೊಂಡಿರೋ ಕೈನ ಹಂಗೇ ಇಡಿ ಅಂದ್ರೆ ಗಂಡು ಹಂಗೇ ಇಡ್ತಾನೆ. ಐನೋರು ಮಂತ್ರ ನಿಲ್ಸ್ತಾರೆ. ನಾನಾಗಿ ಮುಂದಕ್ಕೆ ಬಂದ್ರೆ ಇವಳಿಗೆ ಯಾಕೆ ಬೇಕಿತ್ತು ಅಂತಾರೆ. ಫೋಟೋದವರು ಕರೆದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ. ಬೇರೆಯವರಾದ್ರೆ ನಾನ್ಯಾರೋ ಏನೋ. ನೀನಾದ್ರೆ, ದೊಡ್ಡಮ್ಮ ಬಾ, ಶೋಭಾ ಪಕ್ಕ ನಿಂತ್ಕೋ ಅಂತ ಕರೀತೀಯ ಅಂದ್ಕೊಂಡಿದ್ದೆ. ಅದಕ್ಕೇ ಅಲ್ಲೇ ಪಕ್ಕದಲ್ಲೇ ನಿಂತಿದ್ದೆ.”

ಧನಶ್ರೀಯ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ಉಳಿಯಿತು.

“ಅವತ್ತಿನ ರೇಷ್ಮೆ ಸೀರೆ ನಿಮ್ ದೊಡ್ಡಪ್ಪ ತಂದಿದ್ದು. ಮಗಳ ಮದುವೇಲಿ ಉಟ್ಕೋ ಅಂದಿದ್ರು. ಅವರು ಹೋದ್ಮೇಲೆ ಅವತ್ತೇ ಮೊದಲು ಉಟ್ಟಿದ್ದು. ಮಗಳ ಜೊತೇಲಿ ಒಂದು ಫೋಟೋ ಇದ್ರೆ ಸಾಕಿತ್ತು.” ಅಷ್ಟು ಹೇಳಿ ಮುನಿಶಾಮಮ್ಮ ಬೀಜಗಳನ್ನು ಮೊರಕ್ಕೆ ಹಾಕಿದರು. “ಬಿಡು, ಆಗಿದ್ದು ಆಯ್ತು.”

ಧನಶ್ರೀ ಅತ್ತಳು. ಅತ್ತಿದ್ದರಿಂದ ಏನೂ ಸರಿಹೋಗಲಿಲ್ಲ. ಕೊನೆಗೆ ಮೂಗೊರೆಸಿಕೊಂಡು, “ಈಗ ಉಟ್ಕೋ ದೊಡ್ಡಮ್ಮ, ಈಗ್ಲೇ ತೆಗೀತೀನಿ” ಎಂದಳು.

“ಈಗ ಉಟ್ಕೊಂಡು ಏನೇ ಮಾಡ್ಲಿ? ಮದುವೆ ಇದೆಯಾ, ಮಗಳಿದಾಳಾ?” ಎಂದರು ಮುನಿಶಾಮಮ್ಮ. ಸಂಜೆಯವರೆಗೂ ಇಬ್ಬರೂ ಕೂತು ಬೀಜ ತೆಗೆದರು.

ಕೋಲಾರಕ್ಕೆ ಮರಳಿದ ಮೇಲೆ ಧನಶ್ರೀ ಆ ಹನ್ನೊಂದು ಫೋಟೋಗಳನ್ನೂ ಕತ್ತರಿಸದೆ, ಅರ್ಧ ಮುಖ, ಮೊಣಕೈ, ಸೆರಗಿನ ಸಮೇತ ಒಪ್ಪಿಸಿದಳು. ನಿಖತ್ ಮೇಡಂ ಒಳ್ಳೆಯ ಅಂಕವನ್ನೇ ಕೊಟ್ಟರು. ತನ್ನ ತಪ್ಪಿಗೇ ಅಂಕ ಬಂದ ಹಾಗಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಗಿ, ಆ ವಿಷಯವನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ.

ಕಾರ್ತಿಕದಲ್ಲಿ ಶೋಭಾರಾಣಿಗೆ ಏಳು ತಿಂಗಳು ತುಂಬಿ, ತವರಿನ ಅಂಗಳದಲ್ಲೇ ಶಾಮಿಯಾನ ಹಾಕಿ ಸೀಮಂತ ಮಾಡಿದರು. ಮುಳಬಾಗಿಲಿನಿಂದ ಬೀಗರು ಒಂದು ವ್ಯಾನು ತುಂಬ ಬಂದರು. ಹಸಿರು ಸೀರೆಯಲ್ಲಿ ಶೋಭಾ ಕುರ್ಚಿಯ ಮೇಲೆ ಕೂತಳು. ಸುತ್ತ ಬಳೆ, ಹೂವು, ಐದು ಬಗೆಯ ಚಿತ್ರಾನ್ನ. “ಮುತ್ತೈದೇರು ಬನ್ನಿ” ಎಂದು ಯಾರೋ ಕೂಗಿದ್ದೇ ಎಂಟು ಹತ್ತು ಹೆಂಗಸರು ಎದ್ದರು. ಶೋಭಾಳ ಅತ್ತೆ ಅರಿಶಿನ ಹಚ್ಚಲು ಕೈ ಎತ್ತಿ, ರೂಢಿಯಂತೆ ಕ್ಯಾಮೆರಾದ ಕಡೆ ನೋಡಿ ಹಾಗೇ ನಿಂತರು.

ಧನಶ್ರೀ ಕ್ಯಾಮೆರಾ ಕೆಳಗಿಳಿಸಿದಳು. “ದೊಡ್ಡಮ್ಮ ಎಲ್ಲಿ?”

“ಒಳಗೆ ಒಬ್ಬಟ್ಟು ಮಾಡ್ತಿದಾರೆ. ನೀನು ತೆಗಿ” ಎಂದರು ಅಮ್ಮ, ಕಣ್ಣಲ್ಲೇ ಗದರಿಸುತ್ತ.

“ಅವರು ಬರ್ಲಿ. ಬಂದ್ಮೇಲೆ ತೆಗೀತೀನಿ.”

ಅರಿಶಿನದ ಕೈ ಗಾಳಿಯಲ್ಲೇ ಇತ್ತು. ಶೋಭಾಳ ಅತ್ತೆ ಕೆಟ್ಟವರಲ್ಲ, ಮೆಲ್ಲಗೆ, “ನಮಗೇನೂ ಇಲ್ಲಮ್ಮ. ಆದ್ರೆ ಬಸುರಿ ಹೆಂಗಸು, ನಾಲ್ಕು ಜನ ನೋಡೋರು ಇದಾರೆ” ಎಂದರು.

“ಅವರ ಹೊಟ್ಟೇಲಿ ಹುಟ್ಟಿದೋಳು ಅತ್ತೆ ಇವಳು” ಎಂದಳು ಧನಶ್ರೀ. “ಅವರು ಪಕ್ಕದಲ್ಲಿ ನಿಂತ್ರೆ ಇವಳಿಗೆ ಕೆಟ್ಟದ್ದು ಹೆಂಗಾಗುತ್ತೆ? ಮದುವೇಲಿ ನಾನೇ ಆ ಕಡೆ ಹೋಗು ಅಂತ ಕಳಿಸ್ದೆ. ಇವತ್ತು ಕಳಿಸಲ್ಲ.”

ಶೋಭಾ ತಲೆ ಎತ್ತಲಿಲ್ಲ, ಆದರೆ ಕೆನ್ನೆ ಒದ್ದೆಯಾಗಿತ್ತು. “ಅಮ್ಮ ಬರ್ಲಿ ಅತ್ತೆ” ಎಂದಳು. ಅಷ್ಟು ಸಣ್ಣಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಮೊದಲು ಹೆಜ್ಜೆ ಎತ್ತಿದವರು ಧನಶ್ರೀಯ ಅಮ್ಮ. ಮಗಳ ಕಡೆ ನೋಡದೆ ಒಳಗೆ ಹೋದರು. “ಬಾ ಅಕ್ಕ. ಈ ಹುಡುಗಿ ಬಿಡೋ ಹಂಗಿಲ್ಲ” ಎನ್ನುವುದು ಕೇಳಿಸಿತು. “ಈ ಸೀರೇಲಾ? ಕೈಯೆಲ್ಲ ಹಿಟ್ಟು” ಎಂಬ ಉತ್ತರವೂ ಕೇಳಿಸಿತು. ಅಮ್ಮ ಓರಗಿತ್ತಿಯ ಹಿಟ್ಟಿನ ಕೈ ಹಿಡಿದುಕೊಂಡೇ ಹೊರಗೆ ಬಂದರು.

ಮುನಿಶಾಮಮ್ಮ ಹಳೆಯ ನೂಲಿನ ಸೀರೆಯಲ್ಲಿ ಬಂದು, ರೂಢಿಯಾಗಿಹೋದಂತೆ, ಎಲ್ಲರಿಗಿಂತ ಎಡಕ್ಕೆ ನಿಂತರು. ಕ್ಯಾಮೆರಾದಲ್ಲಿ ಅವರ ಮುಖ ಅರ್ಧ ಮಾತ್ರ ಬರುತ್ತಿತ್ತು. “ದೊಡ್ಡಮ್ಮ, ಸ್ವಲ್ಪ...” ಎಂದಳು ಧನಶ್ರೀ. ಆಮೇಲೆ ಅವಳೇ ಹಿಂದೆ ಹಿಂದೆ ಸರಿದಳು. ಶಾಮಿಯಾನದ ಕಂಬ ಬೆನ್ನಿಗೆ ತಗುಲುವವರೆಗೂ ಸರಿದ ಮೇಲೆ ಎಲ್ಲರೂ ಬಂದರು, ದೊಡ್ಡಮ್ಮನೂ ಪೂರ್ತಿ ಬಂದರು.

“ಅಡ್ಡ ಬರ್ತಿಲ್ಲ ತಾನೇ ನಾನು?” ಎಂದು ಕೇಳಿದರು ಮುನಿಶಾಮಮ್ಮ.

“ಇಲ್ಲ ದೊಡ್ಡಮ್ಮ” ಎಂದು ಧನಶ್ರೀ ಬಟನ್ ಒತ್ತಿದಳು. ಕಣ್ಣು ಮಂಜಾಗಿ ಏನು ಬಂತೆಂದು ಅವಳಿಗೇ ಕಾಣಲಿಲ್ಲ.

ಈಗ ಮುಳಬಾಗಿಲಿನ ಶೋಭಾರಾಣಿಯ ಮನೆಯ ಗೋಡೆಯ ಮೇಲೆ ಎರಡು ಫೋಟೋಗಳಿವೆ. ದೊಡ್ಡದು ಧಾರೆಯದು, ಬೆಳಕು, ಅಂಚು ಎಲ್ಲ ಅಚ್ಚುಕಟ್ಟು. ಅದನ್ನು ನೋಡಿದ ಯಾರಾದರೂ “ಎಲ್ಲಮ್ಮ ನಿಮ್ ತಾಯಿ?” ಎಂದರೆ ಶೋಭಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಪಕ್ಕದ ಸಣ್ಣದನ್ನು ತೋರಿಸುತ್ತಾಳೆ. ಅದರಲ್ಲಿ ಮುನಿಶಾಮಮ್ಮ ಮಗಳನ್ನೂ ನೋಡುತ್ತಿಲ್ಲ, ನಗುತ್ತಲೂ ಇಲ್ಲ. ತಾನು ಅಲ್ಲಿ ಇರಬಹುದೇ ಎಂದು ಕೇಳುವವರ ಹಾಗೆ ಫೋಟೋ ತೆಗೆಯುವವಳ ಕಡೆಗೇ ನೋಡುತ್ತಿದ್ದಾರೆ. ಧನಶ್ರೀ ಆ ಮನೆಗೆ ಹೋದಾಗಲೆಲ್ಲ ಫೋಟೋಗಳಿರುವ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳೆ. ಆ ಬದನೆಬಣ್ಣದ ಸೀರೆ ಗೌನಿಪಲ್ಲಿಯ ಟ್ರಂಕಿನಲ್ಲಿದೆ. ಅದು ಪೂರ್ತಿಯಾಗಿ ಬಂದಿರುವ ಫೋಟೋ ಎಲ್ಲಿಯೂ ಇಲ್ಲ.