ಕೆಂಪು ಟೇಪಿನ ಆಚೆಯ ಬ್ಯಾಟರಿ

ಮೂರನೇ ಕೌಂಟರಿನಲ್ಲಿ ಬಿಲ್ಲು ಹಾಕುವವಳು ಗಡಿಯಾರದಜ್ಜನ ಬುಟ್ಟಿಯಿಂದ ಪುಟ್ಟ ಬ್ಯಾಟರಿಗಳ ಒಂದು ಪ್ಯಾಕೆಟ್ಟನ್ನು ತೆಗೆದು ಮಾರಕೂಡದ ಸಾಮಾನಿನ ಕೆಂಪು ಡಬ್ಬಕ್ಕೆ ಹಾಕಿದಳು. ಉಳಿದ ಬ್ರೆಡ್ಡಿಗೆ, ಹಾಲಿಗೆ, ಮೊಟ್ಟೆಗೆ ಬಿಲ್ಲು ಹರಿದುಕೊಟ್ಟು ಅವರನ್ನು ಕಳಿಸಿದಳು.

ಅದು ಲಾಕ್‌ಡೌನಿನ ಐದನೇ ವಾರ. ಅಗತ್ಯ ವಸ್ತುಗಳನ್ನು ಬಿಟ್ಟು ಬೇರೇನನ್ನೂ ಮಾರಕೂಡದೆಂದು ಆದೇಶ ಬಂದಿತ್ತು. ಆಹಾರ, ಔಷಧಿ, ಸ್ವಚ್ಛತೆ, ಬೆಳಕು ಎಂದು ನಾಲ್ಕೇ ಪದಗಳ ಪಟ್ಟಿ. ಪಟ್ಟಿ ಹಿಡಿದ ಸೂಪರ್‌ವೈಸರ್ ಒಂದು ಮಧ್ಯಾಹ್ನ ಅಂಗಡಿಯ ಸಾಲುಗಳಲ್ಲಿ ಓಡಾಡಿ, ಯಾವ ಕಪಾಟು ತೆರೆದಿರಬೇಕು, ಯಾವುದು ಮುಚ್ಚಬೇಕು ಎಂದು ಬೆರಳು ಮಾಡಿ ತೋರಿಸಿದ್ದ. ಕೆಂಪು ಟೇಪಿನ ಇನ್ನೊಂದು ತುದಿ ಹಿಡಿದವಳು ಇವಳೇ. ಆಟಿಕೆಗಳ ಕಪಾಟಿಗೆ ಟೇಪು ಬಿತ್ತು. ಆಟದ ಕಾರುಗಳ ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಬಗೆಬಗೆಯ ಬ್ಯಾಟರಿಗಳೂ ಅದರ ಜೊತೆಗೇ ಆಚೆ ಸರಿದವು. ಬೆಂಕಿಪೊಟ್ಟಣದ ಕಪಾಟು ಬೆಳಕಿನ ಲೆಕ್ಕಕ್ಕೆ ಬಂದದ್ದರಿಂದ ಅಲ್ಲಿದ್ದ ಪರಿಮಳದ ಮೇಣದಬತ್ತಿಗಳು ಈಚೆ ಉಳಿದವು. ಕಪಾಟು ನೋಡಿ ತೀರ್ಮಾನ, ಸಾಮಾನು ನೋಡಿ ಅಲ್ಲ. ಕಂಪ್ಯೂಟರಿಗೂ ಅದನ್ನೇ ಕಲಿಸಲಾಗಿತ್ತು. ಕೆಂಪು ಟೇಪಿನ ಸಾಮಾನು ತೋರಿಸಿದರೆ ಅದು ಬಿಲ್ಲು ಕೊಡದೆ ಮುಷ್ಕರ ಹೂಡುತ್ತಿತ್ತು. ಅದನ್ನು ಒಪ್ಪಿಸಬೇಕೆಂದರೆ ಸೂಪರ್‌ವೈಸರ್ ಬಂದು ಸೊಂಟದ ಗೊಂಚಲಿನಿಂದ ಕೀಲಿ ತೆಗೆದು ಯಂತ್ರದ ಬದಿಯಲ್ಲಿ ತಿರುಗಿಸಬೇಕು. ಆ ಗೊಂಚಲಿನ ಸದ್ದಿನಿಂದಲೇ ಅವನಿಗೆ ಚಾವಿಯಣ್ಣ ಎಂಬ ಹೆಸರು ಬಿದ್ದಿತ್ತು. ಅವನು ಬಿಲ್ಲು ಹಾಕುವವರನ್ನು ಕರೆಯುತ್ತಿದ್ದದ್ದು ಕೌಂಟರಿನ ನಂಬರಿನಿಂದ. ಇವಳು ಮೂರು.

"ಅಜ್ಜಾ, ಇದಾಗಲ್ಲ. ಟೇಪಿನ ಕೆಳಗೆ ಕೈ ತೂರಿಸಿ ತಗೊಂಡಿದೀರಿ ಅಲ್ವಾ?" ಎಂದಿದ್ದಳು ಮೂರು, ಪ್ಲಾಸ್ಟಿಕ್ ಪರದೆಯ ಹಿಂದಿನಿಂದ.

ಅಜ್ಜ ಕಣ್ಣು ಕಿರಿದು ಮಾಡಿ ಅವಳ ಮಾಸ್ಕನ್ನೇ ನೋಡಿದರು.

"ನಿಮ್ಮ ಅಂಗಡಿನೇ ಬಾಗಿಲು ಹಾಕಿದೆ. ಯಾರ ಗಡಿಯಾರಕ್ಕೆ ಹಾಕ್ತೀರ ಇದನ್ನ? ಮನೇಲಿ ಬಿದ್ಕೊಂಡಿರೋರಿಗೆ ಟೈಮ್ ಯಾಕೆ ಬೇಕು?"

ಸಾಲಿನಲ್ಲಿದ್ದವರು ನಕ್ಕರು. ಎಲ್ಲರ ಹೆಗಲು ಕುಣಿದದ್ದನ್ನು ಕಂಡು ಅಜ್ಜನೂ ನಕ್ಕರು, ತಲೆಯಾಡಿಸಿದರು, ಚೀಲ ಎತ್ತಿಕೊಂಡು ಹೋದರು. ಬೀದಿಯ ತುದಿಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅವರ ಕೈಯಲ್ಲಿ ಗುಂಡಿಯಷ್ಟು ಸಣ್ಣ ಬ್ಯಾಟರಿ ಕಂಡರೆ ಯಾರಿಗಾದರೂ ಇನ್ನೇನು ತೋಚೀತು?

ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಒಂದನೇ ಕೌಂಟರು ಎರಡು ವಾರದಿಂದ ಖಾಲಿ. ಅಲ್ಲಿ ಕೂತು ಬಿಲ್ಲು ಹಾಕುತ್ತಿದ್ದವನು ಸೋಂಕು ತಗಲಿ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದ್ದ. ಅವನ ಕುರ್ಚಿಯ ಬೆನ್ನಿಗೆ ಸ್ವೆಟರು ಇನ್ನೂ ನೇತಾಡುತ್ತಿತ್ತು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಇವಳ ಮನೆಯಲ್ಲಿ ಉಬ್ಬಸದ ಅತ್ತೆ. ದಿನಾ ಬಾಗಿಲಲ್ಲೇ ಬಟ್ಟೆ ಬದಲಿಸಿ, ಅತ್ತೆಯ ಕೋಣೆಯ ಹೊಸ್ತಿಲಿನ ಆಚೆ ನಿಂತು "ಊಟ ಆಯ್ತಾ ಅತ್ತೆ?" ಎಂದು ಕೂಗಿ ಕೇಳುತ್ತಿದ್ದಳು. ಹೀಗಿರುವಾಗ ಬೇಕಿಲ್ಲದ್ದನ್ನು ಕೊಳ್ಳಲು ಬಂದು ಅಂಗಡಿಯಲ್ಲಿ ತಮ್ಮ ಉಸಿರಿನ ಸೋಂಕು ಬಿಟ್ಟುಹೋಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಜ್ಜನ ಹಿಂದಿದ್ದವರು ಮೇಣದಬತ್ತಿ ಮೇಡಂ. ಆ ಹೆಸರು ಕೌಂಟರಿನವರೇ ಇಟ್ಟದ್ದು.

"ನಿನ್ನೆ ತಾನೇ ಬಂದಿದ್ರಲ್ಲಾ ಮೇಡಂ?"

"ಬಂದಿದ್ದೆ. ನಿನ್ನೆ ಗುಲಾಬಿ ವಾಸನೇದು, ಇವತ್ತು ನಿಂಬೆ. ಏನ್ ಮಾಡ್ಲಿ ಹೇಳು? ನಾನೊಬ್ಬಳೇ ಇರೋದು. ಗೋಡೆ ನೋಡಿ ನೋಡಿ ಗೋಡೆನೇ ನನ್ನ ನೋಡೋಕೆ ಶುರು ಮಾಡಿದೆ. ಇಲ್ಲಿಗೆ ಬಂದ್ರೆ ನಾಲ್ಕು ಮುಖ ಕಾಣುತ್ತೆ."

"ಮುಖ ಎಲ್ಲಿ ಮೇಡಂ, ಬರೀ ಕಣ್ಣು."

"ಕಣ್ಣಾದ್ರೂ ಸಾಕು ಬಿಡು."

ಯಂತ್ರ ಟಿಣ್ ಎಂದಿತು. ನಿಂಬೆಯ ಪರಿಮಳ ಅಗತ್ಯ ವಸ್ತುವಾಗಿ ಹೊರಗೆ ಹೋಯಿತು. ಈ ಹೆಂಗಸನ್ನು ಬಯ್ಯಬೇಕೋ, ಸಮಾಧಾನ ಮಾಡಬೇಕೋ ಮೂರಕ್ಕೆ ತಿಳಿಯಲಿಲ್ಲ. ಕೋಪವನ್ನು ಹುಡುಕಿದಳು, ಅದು ಇಟ್ಟ ಜಾಗದಲ್ಲಿ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗೋದಾಮಿನ ಕಡೆಯಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಳ್ಳುಗಾಡಿಯಲ್ಲಿ ಬಂತು. ತೂಗುಕುರ್ಚಿ. ಯಂತ್ರ ಎಂದಿನಂತೆ ಮುಖ ತಿರುಗಿಸಿತು. ಚಾವಿಯಣ್ಣ ಬಂದು ಕೀಲಿ ಹಾಕಿ ತಿರುಗಿಸಿದ.

"ಇದು ಕೆಂಪು ಟೇಪಿನದಲ್ವಾ ಅಣ್ಣಾ?"

"ಫೋನ್ ಆರ್ಡರು. ಮಾಲೀಕರಿಗೆ ಬೇಕಾದೋರು. ಅವರೇನು ಅಂಗಡಿಗೆ ಬಂದು ಗುಂಪು ಸೇರ್ತಾರಾ? ಮನೇಲೇ ಕೂತಿರ್ತಾರೆ."

"ಹೊತ್ಕೊಂಡು ಹೋಗೋನು ಬೀದಿಗೆ ಇಳಿಬೇಕಲ್ಲ."

"ಮೂರೂ, ನೀನು ತಲೆಗೆ ಕೆಲಸ ಕೊಡ್ಬೇಡ, ಕೈಗೆ ಕೊಡು."

ಅವಳು ಕೈಗೆ ಕೊಟ್ಟಳು. ಆದರೆ ತಲೆ ಸುಮ್ಮನಿರಲಿಲ್ಲ. ತೂಗುಕುರ್ಚಿ ಯಾವ ಪದದ ಕೆಳಗೆ ಬಂತು? ಆಹಾರವೇ, ಔಷಧಿಯೇ? ಹಿಂದಿನ ವಾರ ಒಬ್ಬ ತಾಯಿಯ ಬುಟ್ಟಿಯಿಂದ ತಾನೇ ಬಣ್ಣದ ಪೆನ್ಸಿಲ್ ತೆಗೆದಿಟ್ಟಿದ್ದಳು. ಆಗ ಚಾವಿಯಣ್ಣ ಮೆಚ್ಚಿ ತಲೆದೂಗಿದ್ದ. ಒಂದೇ ಕೀಲಿ ಕೆಲವರಿಗೆ ತಿರುಗುತ್ತದೆ, ಕೆಲವರಿಗೆ ತಿರುಗುವುದಿಲ್ಲ ಎಂದರೆ ಟೇಪು ಕಟ್ಟಿರುವುದು ಕಪಾಟಿಗೋ ಜನರಿಗೋ? ಯೋಚಿಸುತ್ತ ಒಂದೇ ಅಕ್ಕಿಯ ಚೀಲಕ್ಕೆ ಎರಡು ಸಲ ಬಿಲ್ಲು ಹಾಕಿ ಬೈಸಿಕೊಂಡಳು.

ಮಧ್ಯಾಹ್ನ ಮೂರೂವರೆಗೆ ಗಡಿಯಾರದಜ್ಜ ಮತ್ತೆ ಬಂದರು. ಬುಟ್ಟಿಯಲ್ಲಿ ಮತ್ತೇನೂ ಇಲ್ಲ, ಅದೇ ಬ್ಯಾಟರಿ ಪ್ಯಾಕೆಟ್ಟು. ಅವಳು ಬಾಯಿ ತೆರೆಯುವ ಮೊದಲೇ ಪರದೆಯ ಕಂಡಿಯಲ್ಲಿ ಮಡಿಸಿದ ಕಾಗದವೊಂದನ್ನು ತೂರಿಸಿದರು. ಸಣ್ಣ ಸ್ಕ್ರೂ ತಿರುಗಿಸಿ ಪಳಗಿದ ಕೈಯ ಅಕ್ಷರ, ಇರುವೆ ಸಾಲಿನಂತಿತ್ತು.

'ಮಗಳೇ, ಗಡಿಯಾರಕ್ಕೆಂದು ನೀನು ತಿಳಿದಿರಬಹುದು, ಇದು ನನ್ನ ಕಿವಿಯ ಯಂತ್ರಕ್ಕೆ. ಔಷಧಿ ಅಂಗಡಿಯಲ್ಲಿ ಮುಗಿದಿದೆಯಂತೆ. ನೀವೆಲ್ಲ ಬಾಯಿ ಮುಚ್ಚಿಕೊಂಡಿದ್ದೀರಿ, ತುಟಿ ನೋಡಿ ತಿಳಿಯುವ ಹಾಗೂ ಇಲ್ಲ. ನಿನ್ನೆ ನೀನು ಏನು ಹೇಳಿದೆಯೋ ನನಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಒಳಗೆ ಯಾರನ್ನೂ ಬಿಡುವುದಿಲ್ಲ. ದಿನಾ ನಾಲ್ಕು ಗಂಟೆಗೆ ನರ್ಸಮ್ಮ ಅವಳ ಬಾಯಿಯ ಹತ್ತಿರ ಫೋನು ಹಿಡಿಯುತ್ತಾರೆ. ನಿನ್ನೆ ಅವಳು ಮಾತಾಡಿದಳು. ನಾನು ಹೂಂ, ಹೂಂ ಅಂದೆ. ಅವಳು ಏನು ಕೇಳಿದಳೋ, ನಾನು ಯಾವುದಕ್ಕೆ ಹೂಂ ಅಂದೆನೋ ತಿಳಿಯದು.'

ಅವಳು ಕಾಗದವನ್ನು ಎರಡು ಸಲ ಓದಿದಳು. ಅಜ್ಜನ ನಿನ್ನೆಯ ನಗು ನೆನಪಾಯಿತು. ಏನೊಂದೂ ಕೇಳಿಸದೆ, ತಮ್ಮನ್ನೇ ಆಡಿಕೊಂಡ ಮಾತಿಗೆ ತಲೆಯಾಡಿಸಿ ನಕ್ಕಿದ್ದ ಆ ನಗು. ಬ್ಯಾಟರಿಯನ್ನು ಯಂತ್ರಕ್ಕೆ ತೋರಿಸಿದಳು. ಅದು ಕೆಂಪಾಯಿತು.

"ಚಾವಿಯಣ್ಣಾ!"

ಅವನು ಎರಡು ಮೀಟರು ದೂರದಲ್ಲಿ, ನೆಲದ ಹಳದಿ ಗೆರೆಯ ಮೇಲೆ ನಿಂತ. ಅವಳು ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದಳು. ಸಾಲಿನಲ್ಲಿ ಅಜ್ಜನ ಹಿಂದೆಯೇ ಇಂದೂ ಇದ್ದ ಮೇಣದಬತ್ತಿ ಮೇಡಂ ಬಲಗೈಯ ಮೇಣದಬತ್ತಿಯನ್ನು ಎಡಗೈಗೆ, ಎಡಗೈಯದನ್ನು ಬಲಗೈಗೆ ಬದಲಾಯಿಸುತ್ತ ನಿಂತರು.

ಚಾವಿಯಣ್ಣನ ಕಣ್ಣು ಕಲ್ಲಾಗಿರಲಿಲ್ಲ. "ಪಾಪ ಕಣೇ, ನನಗೂ ಅರ್ಥ ಆಗುತ್ತೆ. ಆದ್ರೆ ಇವತ್ತು ಇವರಿಗೆ ಬ್ಯಾಟರಿ ಕೊಟ್ರೆ ನಾಳೆ ಹತ್ತು ಜನ ಹತ್ತು ಕಥೆ ಹಿಡ್ಕೊಂಡು ಬರ್ತಾರೆ. ಯಾವುದು ನಿಜ, ಯಾವುದು ಸುಳ್ಳು ಅಂತ ನೀನು ನೋಡ್ತೀಯಾ? ಸಾಲು ಉದ್ದ ಆಗುತ್ತೆ. ಆ ಕುರ್ಚಿ ನೋಡು." ಒಂದನೇ ಕೌಂಟರಿನ ಸ್ವೆಟರಿನ ಕಡೆ ಕೈ ಮಾಡಿದ. "ಟೇಪು ಕಟ್ಟಿರೋದು ಯಾರಿಗೋಸ್ಕರ? ನಿನಗೋಸ್ಕರ, ನಿಮ್ಮತ್ತೆಗೋಸ್ಕರ."

ಅದು ಸುಳ್ಳಾಗಿರಲಿಲ್ಲ. ಆದರೂ ಅವಳು ಯಂತ್ರದ ಬದಿಯ ಕೀಲಿಕಂಡಿಯತ್ತ ಬೆರಳು ಮಾಡಿದಳು. "ಬೆಳಿಗ್ಗೆ ತೂಗುಕುರ್ಚಿಗೆ ತಿರುಗಿಸಿದ್ರಲ್ಲ."

"ಅದು ಮಾಲೀಕರ ಮಾತು."

"ಇದು ಇವರ ಹೆಂಡತಿಯ ಮಾತು."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಮನೆಗೆ ಕಳಿಸಿದ್ರೆ ಈ ಕಾಲದಲ್ಲಿ ಇನ್ನೊಂದು ಕೆಲಸ ಸಿಗುತ್ತಾ ನಿಂಗೆ? ಪ್ಯಾಕೆಟ್ಟು ಡಬ್ಬಕ್ಕೆ ಹಾಕು, ಮುಂದಿನವರನ್ನ ಕರಿ."

ಮುಂದಿನವರು ಮೇಣದಬತ್ತಿ ಮೇಡಂ. ಅವರು ಎರಡು ಹೆಜ್ಜೆ ಮುಂದೆ ಬಂದು ಎರಡೂ ಮೇಣದಬತ್ತಿಗಳನ್ನು ತಾವೇ ಕೆಂಪು ಡಬ್ಬಕ್ಕೆ ಇಳಿಸಿದರು. "ನಂದೇನೂ ಇಲ್ಲ, ಅರ್ಜೆಂಟ್ ಇಲ್ಲ," ಎಂದು ಯಾರಿಗೆಂದು ತಿಳಿಯದಂತೆ ಗೊಣಗಿ ಮತ್ತೆ ತಮ್ಮ ಗೆರೆಗೆ ಸರಿದರು. ಆದರೂ ಹೊರಗೆ ಹೋಗಲಿಲ್ಲ.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಅಜ್ಜ ಅದನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಆಡಿದ ಇಷ್ಟು ಮಾತಿನಲ್ಲಿ ಒಂದಕ್ಷರವೂ ಅವರನ್ನು ಮುಟ್ಟಿರಲಿಲ್ಲ.

ಅವಳಿಗೆ ಇನ್ನೂ ಏನೂ ಸ್ಪಷ್ಟವಾಗಿರಲಿಲ್ಲ. ನಾಳೆ ಹತ್ತು ಜನ ಬಂದರೆ ಏನು ಮಾಡುವುದು, ಅತ್ತೆಗೆ ಏನಾದರೂ ಆದರೆ, ಕೆಲಸ ಹೋದರೆ? ಕೈ ಮಾತ್ರ ತಡವರಿಸಲಿಲ್ಲ. ಪ್ಯಾಕೆಟ್ಟಿನ ಅಂಚನ್ನು ಹರಿದು, ಒಂದು ಬ್ಯಾಟರಿಯನ್ನು ಅಂಗೈಯಲ್ಲಿಟ್ಟು ಪರದೆಯ ಕಂಡಿಯಿಂದ ಚಾಚಿತು. ಅಜ್ಜ ಒಂದು ಗಳಿಗೆ ಅವಳ ಕಣ್ಣು ನೋಡಿದರು. ಆಮೇಲೆ ಕಿವಿಯ ಹಿಂದಿನಿಂದ ಯಂತ್ರ ತೆಗೆದರು. ನಲವತ್ತು ವರ್ಷದ ಬೆರಳುಗಳಿಗೆ ಆ ಪುಟ್ಟ ಮುಚ್ಚಳ ಒಂದು ಲೆಕ್ಕವೇ ಅಲ್ಲ.

"ಏಯ್! ಬಿಲ್ಲಿಲ್ಲದೆ ಕೊಟ್ಯಾ?" ಚಾವಿಯಣ್ಣನ ಗೊಂಚಲು ಝಣಗುಟ್ಟಿತು. "ಮುಂದಿನವರನ್ನ ಕರಿ ಅಂದೆ!"

ಅವಳು ಕೌಂಟರು ತೆರೆದಿದೆ ಎಂದು ತೋರಿಸುವ ಹಸಿರು ದೀಪ ಆರಿಸಿದಳು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಅಜ್ಜನ ಕಿವಿಯ ಬಳಿ ಸಣ್ಣ ಸೀಟಿಯಂಥ ಸದ್ದು ಎದ್ದು ಅಡಗಿತು. ಅವರು ತಟ್ಟನೆ ತಲೆಯೆತ್ತಿದರು.

"ಕರೆಯಲ್ಲ," ಎಂದಳು ಅವಳು. "ಮೊದಲು ಕೀಲಿ ತಿರುಗಿಸಿ."