ಮೇಕೆಗೆ ಬಹುವಚನ

ಇನ್ನು ಮೇಲೆ ನಿನ್ನ ವಿಷಯ ಪರದೆಯ ಮೇಲೆ ಎತ್ತೋದಿಲ್ಲ ಎಂದು ನನ್ನ ಮಾವ ತೂಗಿರಾನ್ ಅತ್ತೆಗೆ ಮಾತು ಕೊಟ್ಟದ್ದು ಅವರ ಮದುವೆಯ ಹೊಸತರಲ್ಲಿ. ಮಾವ ದಾಲಂಗ್, ನಮ್ಮ ಜಾವಾದ ತೊಗಲುಬೊಂಬೆ ಆಡಿಸುವವರು. ಅತ್ತೆ ಪೊನಿಯೆಮ್ ಅವರ ಬೆನ್ನ ಹಿಂದೆಯೇ ಕೂತು ಗೆಂದೆರ್ ನುಡಿಸುವವರು; ಆ ಕಂಚಿನ ಪಟ್ಟಿಗಳ ನಾದದಿಂದಲೇ ದಾಲಂಗನಿಗೆ ಶ್ರುತಿ ಸಿಗಬೇಕು. ಒಂದು ದಿನ ಆಟದ ನಡುವೆ ಮಾವ ಹೊಸ ಹೆಂಡತಿಯ ಅಡುಗೆಯ ಬಗ್ಗೆ ಬೊಂಬೆಯ ಬಾಯಲ್ಲಿ ಏನೋ ಅಂದುಬಿಟ್ಟರಂತೆ. ಅತ್ತೆ ಜಗಳ ತೆಗೆಯಲಿಲ್ಲ. ಬಾರಿಸುವ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಮಾವ ಶ್ರುತಿಯಿಲ್ಲದೆ ಮುಂದಿನ ಹಾಡು ಎತ್ತಿದಾಗ, ಯಾರ ಮನೆಯ ಕೋಣ ಕಳೆದುಹೋಗಿ ಹೀಗೆ ಅರಚುತ್ತಿದೆ ಎಂದು ಹೆಂಗಸರು ವಿಚಾರಿಸಿದರಂತೆ. ಮಾತು ಕೊಟ್ಟದ್ದು ಆಮೇಲೆ. ಅದು ಊರಿಗೆಲ್ಲ ಗೊತ್ತು.

ಸುಗ್ಗಿ ಮುಗಿದ ಮೇಲೆ ಊರ ಶುದ್ಧಿಗೆಂದು ಚಿಲುಮೆಯ ಪಕ್ಕದ ಆಲದಡಿ ಹಗಲಲ್ಲೇ ಆಡುವ ಆಟ ಮಾವನ ಅಜ್ಜನ ಕಾಲದಿಂದಲೂ ನಮ್ಮ ಮನೆಯದೇ. ಈ ಸಲ ಊರ ಮುಖ್ಯಸ್ಥ ಸಾಬರ್ ಆಟಕ್ಕೆ ಮೊದಲೇ ಬಂದು, ಸಿಹಿ ಚಹಾ ಕುಡಿದು, ಪಕ್ಕದೂರಿನ ಹೊಸ ಹುಡುಗನ ಬಣ್ಣದ ದೀಪಗಳನ್ನೂ ಕೀಬೋರ್ಡನ್ನೂ ಸುಮ್ಮನೆ ಹೊಗಳಿದ. ಹೊರಡುವಾಗ ಮೆಲ್ಲಗೆ ಹೇಳಿದ: "ಜನ ಕೂತ್ರೆ ಮುಂದಿನ ವರ್ಷಾನೂ ನೀವೇ. ಎದ್ದು ಹೋದ್ರೆ ನಾನೇನ್ ಮಾಡ್ಲಿ ಹೇಳಿ." ಮಾವ ಆವತ್ತು ಊಟ ಮುಟ್ಟಲಿಲ್ಲ.

ಆಟದ ದಿನ, ನಡುವೆ ದಾಸಿ ಬೊಂಬೆಗಳ ಹಾಸ್ಯ ಬರುವ ಹೊತ್ತಿಗೆ ಅರ್ಧ ಚಾಪೆಗಳು ಖಾಲಿಯಾಗಿದ್ದವು. ತೆಳ್ಳಗಿನ ತಾಯಿ, ದಪ್ಪ ಮಗಳು, ಎರಡು ಬೊಂಬೆಗಳನ್ನೂ ಎದುರುಬದುರು ನಿಲ್ಲಿಸಿ ಮಾವ ಗೊಬ್ಬರದ ಬಗ್ಗೆ ನಗಿಸಲು ನೋಡಿದರು, ಮೊಬೈಲಿನ ಬಗ್ಗೆ ನೋಡಿದರು, ಗಾಯಕಿಯರ ಸಾಲಿನಲ್ಲಿದ್ದ ನನ್ನ ಬಗ್ಗೆಯೂ ನೋಡಿದರು. ಜನರ ಕಿವಿಯೆಲ್ಲ ಮಾಂಸದುಂಡೆ ಮಾರುವವನ ಗಾಡಿಯ ಟಕಟಕದ ಮೇಲೆ. ಕೊನೆಗೆ ದಪ್ಪ ಮಗಳು ಗೆಂದೆರ್ ಕಡೆ ತಿರುಗಿದಳು.

"ಅಮ್ಮಾ, ಅಲ್ಲಿ ಹಿಂದೆ ಕೂತವ್ರು ಯಾರು?"

ನಾಲ್ಕು ತಲೆ ಮೇಲೆದ್ದವು. ಮಾವನ ಕೈ ಅಲ್ಲೇ ನಿಂತಿತು. ತಾಯಿ ಬೊಂಬೆ ಗಂಟಲು ಸರಿಮಾಡಿಕೊಂಡು, ಯಾರೋ ಏನೋ, ದೊಡ್ಡವರ ಸಹವಾಸ ನಮಗ್ಯಾಕೆ ಎಂದಿತು. ತಲೆಗಳು ಮತ್ತೆ ಗಾಡಿಯ ಕಡೆ ತಿರುಗಿದವು. ಮಾವನ ಬೆನ್ನಿನ ಅಂಗಿ ಬೆವರಿಗೆ ಅಂಟಿದ್ದು ನನಗೆ ಕಾಣುತ್ತಿತ್ತು. ಅತ್ತೆಗೂ ಕಂಡಿರಬೇಕು.

ಬೊಂಬೆಗಳ ಜೊತೆ ವಾದ್ಯದವರು ಮಾತಾಡುವುದು ನಮ್ಮಲ್ಲಿ ಉಂಟು. ಅತ್ತೆ ಮಾತ್ರ ಯಾವತ್ತೂ ಬಾಯಿ ತೆರೆದವರಲ್ಲ.

"ನನ್ನನ್ನೇ ಕೇಳು ಮಗಳೇ," ಎಂದು ಇವತ್ತು ಅತ್ತೆಯೇ ಬೊಂಬೆಗೆ ಹೇಳಿದರು. "ಮಾತು ಕೊಟ್ಟಿರೋದು ದಾಲಂಗ್. ನಾನೇನೂ ಕೊಟ್ಟಿಲ್ಲ."

ಅತ್ತೆ ಹೇಳತೊಡಗಿದರು: ಮೊನ್ನೆ ಮಾವ ಆಸ್ಥಾನದ ದೃಶ್ಯದ ಮಾತುಗಳನ್ನು ಅಭ್ಯಾಸ ಮಾಡಿಕೊಳ್ಳುತ್ತಾ ಹಿತ್ತಲಿಗೆ ಹೋದರಂತೆ. ಬಾಗಿಲಿಗೆ ಮೇಕೆ ಅಡ್ಡ ನಿಂತಿದೆ. ತಾವು ದಯಮಾಡಿ ಈ ಕಡೆಗೆ ಚಿತ್ತೈಸಬೇಕು ಎಂದು ಅದಕ್ಕೆ ಕೈಮುಗಿದರಂತೆ. ಮೇಕೆಯ ಹಿಂದೆ ಅತ್ತೆ ನೀರು ಹೊತ್ತು ನಿಂತಿದ್ದರಂತೆ.

"ನನಗೆ ಏನಂದ್ರು ಗೊತ್ತಾ? ಏಯ್, ಸರಿಯೇ ಅತ್ಲಾಗೆ."

ನಮ್ಮ ಜಾವಾದಲ್ಲಿ ಯಾರಿಗೆ ಯಾವ ಮೆಟ್ಟಿಲಿನ ಮಾತು ಎಂಬುದನ್ನು ಮಕ್ಕಳು ಹಾಲಿನ ಜೊತೆಯೇ ಕಲಿಯುತ್ತಾರೆ. ರಾಜನ ಮೆಟ್ಟಿಲಲ್ಲಿ ಮೇಕೆ, ಮೇಕೆಯ ಮೆಟ್ಟಿಲಲ್ಲಿ ಹೆಂಡತಿ! ಮುಂದಿನ ಸಾಲಿನ ಮುದುಕಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮೇಕೆ ಸರಿಯಿತಾ ಎಂದು ಹಿಂದಿನಿಂದ ಯಾರೋ ಕೇಳಿದರು.

"ಸರೀದೆ ಏನು? ಅಷ್ಟು ಮರ್ಯಾದೆ ಕೊಟ್ರೆ ನಾನೂ ಸರೀತಿದ್ದೆ."

ಗಾಡಿಯ ಸುತ್ತ ಇದ್ದವರು ಬಟ್ಟಲು ಹಿಡಿದುಕೊಂಡೇ ಬಂದು ಕೂತರು. ಮಾವ ಮುಂದಿನ ದೃಶ್ಯಕ್ಕೆ ಹೋಗೋಣವೆಂದು ವಾದ್ಯದವರಿಗೆ ಸನ್ನೆಯಾಗಿ ಬೊಂಬೆಪೆಟ್ಟಿಗೆಗೆ ಟಕ್ಕೆಂದು ಬಡಿದರು. ಅತ್ತೆ ಕೋಲು ಎತ್ತಲಿಲ್ಲ. ಅವರು ಎತ್ತದೆ ಮಿಕ್ಕವರೂ ಎತ್ತಲಿಲ್ಲ. ಅತ್ತೆ ಆರಾಮವಾಗಿ ಮುಂದುವರಿಸಿದರು: ಪರದೆಯ ಮೇಲೆ ರಾಕ್ಷಸರನ್ನು ಸೀಳುವವರು ಬಚ್ಚಲಲ್ಲಿ ಹಲ್ಲಿ ಲೊಚಗುಟ್ಟಿದರೆ ಹೆಂಡತಿಯನ್ನು ಮುಂದೆ ಕಳಿಸುವುದು, ಸಂತೆಯಲ್ಲಿ ಮೆಣಸಿನಕಾಯಿಗೆ ರಾಕ್ಷಸನ ದನಿಯಲ್ಲಿ ಚೌಕಾಸಿ ಮಾಡಿ ಕೊನೆಗೆ ಅವಳು ಹೇಳಿದ ಬೆಲೆಯನ್ನೇ ಕೊಟ್ಟು ಬರುವುದು.

ಉತ್ತರ ಮಾವನ ಹತ್ತಿರ ಇರಲಿಲ್ಲವೆಂದಲ್ಲ. ಅತ್ತೆಯ ಗೊರಕೆ ಯಾವ ಶ್ರುತಿಯಲ್ಲಿದೆ ಎಂಬುದರಿಂದ ಹಿಡಿದು ಮೂಟೆಗಟ್ಟಲೆ ಇದೆ, ಮನೆಯವರಿಗೆ ಗೊತ್ತು. ಉತ್ತರ ಕೊಡಲೆಂದು ದಪ್ಪ ಮಗಳ ಕೈ ಮೇಲೆದ್ದಿತು. ಜನ ಕತ್ತು ಚಾಚಿದರು. ಕೈ ಇಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು. ಅತ್ತೆಯ ಮಾತಿಗಿಂತ ಆ ಕೈಗೇ ಜನ ಹೆಚ್ಚು ನಕ್ಕರು. ಕೊನೆಗೆ ಬೊಂಬೆ ಗೆಂದೆರ್ ಕಡೆ ತಲೆಬಾಗಿತು. ಆಗ ಅತ್ತೆ ಕೋಲು ಎತ್ತಿ ಶ್ರುತಿ ಕೊಟ್ಟರು. ಆಟ ಮುಗಿಯುವವರೆಗೂ ಒಬ್ಬರೂ ಏಳಲಿಲ್ಲ.

ಸಾಬರ್ ಬಂದು, ಮುಂದಿನ ವರ್ಷಕ್ಕೂ ಅಮ್ಮನವರು ಖಂಡಿತ ಬರಬೇಕು ಎಂದ. ನಾನೂ ಬರಬಹುದೋ ಎಂದು ಮಾವ ಕೇಳಿದರು.

ಮನೆಗೆ ನಡೆಯುವಾಗ ಅತ್ತೆ, ಆ ಕೈ ಎತ್ತಿದಾಗ ಬಾಯಿಗೆ ಏನು ಬಂದಿತ್ತು, ಇಲ್ಲಿ ನಾವೇ ಇದ್ದೇವಲ್ಲ, ಹೇಳಿ ಎಂದು ಗದ್ದೆಯ ಬದುವಿನುದ್ದಕ್ಕೂ ಕಾಡಿದರು. ಮಾವ ಹೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರು.