ಕೊರಳಲ್ಲೇ ಉಳಿದ ಹಗ್ಗ

ಪ್ರವಾಸ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಜಾಗದಲ್ಲಿ ನನ್ನ ಕೆಲಸ. ಎರಡು ಕೈಯಲ್ಲೂ ಬಟ್ಟಲು ಹಿಡಿಯಬೇಕಾದ್ದರಿಂದ ನಾಯಿ ಕಟ್ಟುವ ಹಗ್ಗವನ್ನು ನಾವೆಲ್ಲ ಕೊರಳಿಗೆ ಹಾಕಿಕೊಂಡೇ ಓಡಾಡುತ್ತೇವೆ. ಒಂದು ವಾರ ಕಳೆದರೆ ಅದು ಅಲ್ಲಿದೆ ಎಂಬುದೇ ಮರೆತುಹೋಗುತ್ತದೆ.

ಆ ಸೋಮವಾರ ಏಳನೆಯ ಗೂಡಿನ ಕಂದು ನಾಯಿ ಕೆಮ್ಮುತ್ತಿತ್ತು, ಮೂಗು ಸೋರುತ್ತಿತ್ತು. ಮೇಲ್ವಿಚಾರಕರು ಅದನ್ನು ಬೇರೆ ಕೋಣೆಗೆ ಸಾಗಿಸಿ ಡಾಕ್ಟರಮ್ಮನನ್ನು ಕರೆಸಿದರು. ನಾನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ, ಬಟ್ಟೆ ಬದಲಿಸಿದೆ, ಬೂಟುಗಳನ್ನು ಅಲ್ಲೇ ಬಿಟ್ಟೆ. ಇಷ್ಟೆಲ್ಲ ಮಾಡಿ, ಹಗ್ಗವನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಮನೆಗೆ ಬಂದೆ.

ಮನೆಯಲ್ಲಿರುವುದು ಮೂವರು. ನಾನು, ಬಟ್ಟೆ ಹೊಲಿಯುವ ಚಿಕ್ಕಮ್ಮ, ಹದಿಮೂರು ವರ್ಷದ ಅವಳ ನಾಯಿ. ನಾಯಿಯನ್ನು ಕರೆಯುವುದೇ ಯಜಮಾನ ಎಂದು. ಮದುವೆ ಯಾಕಾಗಲಿಲ್ಲ ಎಂದು ಗಿರಾಕಿಗಳು ಕೆದಕಿದರೆ ಚಿಕ್ಕಮ್ಮ, "ಶ್, ಯಜಮಾನ್ರು ಒಳಗೆ ಮಲಗಿದಾರೆ" ಎನ್ನುತ್ತಾಳೆ.

ಯಜಮಾನ ಹಗ್ಗದ ತುದಿಯನ್ನು ಚೀಪುತ್ತಿದ್ದಾಗಲೇ ಡಾಕ್ಟರಮ್ಮನ ಫೋನ್ ಬಂತು.

"ಕಂದು ನಾಯಿಗೆ ಫ್ಲೂ ಕಣಪ್ಪ. ಬಟ್ಟೆ, ಬಟ್ಟಲು, ಹಗ್ಗ ಎಲ್ಲದರಿಂದಲೂ ಅಂಟತ್ತೆ. ನಿಮ್ಮ ಮುದುಕನಿಗೆ ಲಸಿಕೆ ಒಂದೇ ಡೋಸ್ ಆಗಿರೋದು. ಹುಷಾರು."

ಹಗ್ಗವನ್ನು ಕಿತ್ತುಕೊಂಡು ಸೋಪುನೀರಿನಲ್ಲಿ ಅದ್ದಿದೆ. ಚಿಕ್ಕಮ್ಮನಿಗೆ ಹೇಳಲಿಲ್ಲ. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು. ಅದನ್ನು ಸಂಯಮವೆಂದು ಇತರರು ತಿಳಿದಿದ್ದರು, ನಾನೂ ತಿಳಿದಿದ್ದೆ. ಆವತ್ತು ಮಾತ್ರ ಅದು ಬರೀ ಭಯವೆಂದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಯಜಮಾನನ ಜೊತೆ ಹೊಸ್ತಿಲು ದಾಟುತ್ತಿದ್ದಳು.

"ಎಲ್ಲಿಗೆ?"

"ಎದುರುಮನೆಗೆ. ಅವರ ನಾಯಿ ಐದು ಮರಿ ಹಾಕಿದೆಯಂತೆ. ಹಿರಿಯರು ನೋಡಿಕೊಂಡು ಬರಲಿ."

"ಬೇಡ ಚಿಕ್ಕಮ್ಮ."

ಹೇಳಿಬಿಟ್ಟೆ, ಎಲ್ಲವನ್ನೂ. ಅವಳು ಕೇಳಿಸಿಕೊಂಡಳು. ಹಾಲು ಉಕ್ಕಿದರೂ ಇಡೀ ವಂಶವನ್ನು ಎಳೆದು ಬೈಯುವವಳು, ಒಂದು ಮಾತೂ ಆಡದೆ ಯಜಮಾನನನ್ನು ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ಕೆಲಸದ ಜಾಗಕ್ಕೆ ಬೀಗ ಬಿತ್ತು. ನಾನು ಮನೆಯಲ್ಲೇ ಉಳಿದೆ. ಬಟ್ಟಲುಗಳನ್ನು ಕುದಿನೀರಲ್ಲಿ ತೊಳೆದೆ, ನೆಲ ಒರೆಸಿದೆ, ಆ ಕೋಣೆಯೊಳಗೆ ಹೋಗಲಿಲ್ಲ. ಚಿಕ್ಕಮ್ಮ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಹೊಲಿಯುತ್ತಿದ್ದಳು. ಸೂಜಿ ಇರುವುದರಿಂದ ಮಾತಿಲ್ಲವೋ, ಮಾತು ಬೇಡವೆಂದು ಸೂಜಿಯೋ, ತಿಳಿಯುತ್ತಿರಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಈ ಮೌನದ ಎದುರು ಎಲ್ಲಿ ನಿಲ್ಲಬೇಕೆಂದೇ ತೋಚಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಒಳಗಿನಿಂದ ಕೆಮ್ಮು ಕೇಳಿತು. ಒಣ ಕೆಮ್ಮು, ಮತ್ತೆ ಮತ್ತೆ. ಹೊಲಿಗೆ ಯಂತ್ರ ನಿಂತಿತು. ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಕ್ಲಿನಿಕ್ಕಿನಲ್ಲಿ ಬೇರೆ ನಾಯಿಗಳಿಗೆ ಅಂಟೀತೆಂದು ಡಾಕ್ಟರಮ್ಮ ತಾವೇ ಬಂದರು. ಜ್ವರ ನೋಡಿದರು, ಮೂಗಿಗೆ ಹತ್ತಿಕಡ್ಡಿ ಹಾಕಿ ಮಾದರಿ ತೆಗೆದರು. ಆಮೇಲೆ ಬಾಯಿ ಅಗಲಿಸಿ, ಇಕ್ಕಳದಿಂದ ನಾಲಿಗೆಯ ಬುಡದಲ್ಲಿ ಸುತ್ತಿಕೊಂಡಿದ್ದ ಉದ್ದನೆಯ ನೀಲಿ ನೂಲನ್ನು ಎಳೆದು ತೆಗೆದರು.

"ಹೊಲಿಗೆ ಕೆಲಸ ಕಲೀತಿದಾನಾ ಇವನು?"

ನಾವಿಬ್ಬರೂ ನಗಲಿಲ್ಲ.

"ಜ್ವರ ಇಲ್ಲ. ಆದ್ರೂ ಪರೀಕ್ಷೆ ಆಗ್ಲಿ, ನಾಳೆ ಹೇಳ್ತೀನಿ."

ಮರುದಿನ ಹನ್ನೊಂದಕ್ಕೆ ಫೋನ್ ಬಂತು. ಚಿಕ್ಕಮ್ಮನೇ ಎತ್ತಿದಳು. "ಹೂಂ" ಎಂದಳು. ಮತ್ತೆ, "ಫ್ಲೂ ಅಲ್ವಲ್ಲಾ? ಹೂಂ." ಎರಡನೇ ಡೋಸಿಗೆ ಯಾವತ್ತು ಬರಬೇಕೆಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಫೋನ್ ಇಟ್ಟು ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಂತರ ನನ್ನ ಕಡೆ ತಿರುಗಿದಳು.

"ಓದಿದೋನಂತೆ. ಡಿಗ್ರಿ ಗೋಡೆಗೆ ನೇತುಹಾಕಿದೀಯ, ಕೊರಳಲ್ಲಿ ನೇತಾಡ್ತಿದ್ದಿದ್ದು ಕಾಣಿಸ್ಲಿಲ್ವಾ? ಅದೂ ಹೋಗ್ಲಿ. ಬಾಯಿರಲಿಲ್ವಾ ನಿನಗೆ? ಎದುರುಮನೆ ಐದು ಮರಿ ಮಾಡಿದ ಪಾಪ ಏನೋ? ನಿಮ್ಮಪ್ಪನೂ ಹೀಗೇ, ಮನೆಗೆ ಬೆಂಕಿ ಬಿದ್ರೂ ಯಾರಾದ್ರೂ ಕೇಳಿದ್ಮೇಲೆ ಹೇಳೋನು. ನಿಮ್ಮಜ್ಜನಂತೂ..."

ನಾನು ಗೋಡೆಗೊರಗಿ ನೆಲದ ಮೇಲೆ ಕೂತೆ. ಐದು ದಿನದಿಂದ ಬಿಗಿದಿದ್ದ ಎದೆ ಅವಳ ಒಂದೊಂದು ಬೈಗುಳಕ್ಕೂ ಸಡಿಲಾಗುತ್ತಿತ್ತು. ಅವಳು ಮುತ್ತಜ್ಜನವರೆಗೆ ಹೋಗಿ, ಉಸಿರು ತೆಗೆದುಕೊಳ್ಳಲು ನಿಂತಳು.

"ಇನ್ನೂ ಮುಗಿದಿಲ್ಲ."

"ಸರಿ ಚಿಕ್ಕಮ್ಮ."

ಯಜಮಾನ ತೆರೆದ ಬಾಗಿಲಿನಿಂದ ಹೊರಬಂದು, ಒಮ್ಮೆ ಇಬ್ಬರ ಮುಖವನ್ನೂ ನೋಡಿ, ಊಟದ ಬಟ್ಟಲಿನ ಕಡೆ ನಡೆದ.